"ಎಷ್ಟು ಕೊಡ್ತೈತಿ?": ನಿಮ್ಮ ಎಸ್‌ಯುವಿಯ ನಿಜವಾದ ಮೈಲೇಜ್ ಕಂಡುಕೊಳ್ಳುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಹೊಸ ಗಾಡಿ ತಂದವರಿಗೆ ಮೊದಲು ಬರುವ ಪ್ರಶ್ನೆ ಇದು. ಕೇಳುವವರಿಗೆ ಒಂದೇ ಒಂದು ನಂಬರ್ ಬೇಕು. ಹೇಳುವವರೂ ಒಂದೇ ನಂಬರ್ ಹೇಳುತ್ತಾರೆ. ಒಬ್ಬರು ಹದಿನೆಂಟು ಅಂತಾರೆ, ಅದೇ ಮಾಡೆಲ್ ಇಟ್ಟುಕೊಂಡ ಇನ್ನೊಬ್ಬರು ಹನ್ನೊಂದು ದಾಟಲ್ಲ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಒಬ್ಬರು ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಎಂಬತ್ತರ ವೇಗದಲ್ಲಿ ಹೋಗಿ ಬಂದವರು. ಇನ್ನೊಬ್ಬರು ಮೇ ತಿಂಗಳಲ್ಲಿ ಬಳ್ಳಾರಿಯ ರಾಯಲ್ ಸರ್ಕಲ್ ಸುತ್ತಮುತ್ತ ಎಸಿ ಹಾಕಿಕೊಂಡು ಮಕ್ಕಳನ್ನು ಟ್ಯೂಷನ್‌ಗೆ ಬಿಟ್ಟು ಬಂದವರು.

ಯಾವ ರಸ್ತೆ, ಯಾವ ತಿಂಗಳು, ಎಷ್ಟು ಜನ, ಎಷ್ಟು ವೇಗ ಅಂತ ಹೇಳದೆ ಮೈಲೇಜ್ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. ನಿಮ್ಮ ಗಾಡಿಗೆ ಒಂದು ನಂಬರ್ ಅಲ್ಲ, ಮೂರ್ನಾಲ್ಕು ನಂಬರ್ ಇವೆ. ಅವನ್ನು ಸರಿಯಾಗಿ ಹಿಡಿಯುವುದು ಹೇಗೆ, ಹಿಡಿದ ಮೇಲೆ ಎಲ್ಲೆಲ್ಲಿ ಎಣ್ಣೆ ಉಳಿಸಬಹುದು ಅನ್ನುವುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ನಾನು ಮಾತಾಡುತ್ತಿರುವುದು ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ, ಬ್ರೆಝಾ, ನೆಕ್ಸಾನ್ ತರದ ಕ್ರಾಸ್‌ಓವರ್‌ಗಳ ಬಗ್ಗೆ. ಇವು ಕಾರಿನ ಮೈಕಟ್ಟನ್ನೇ ಎತ್ತರ ಮಾಡಿ ಕಟ್ಟಿದ ಗಾಡಿಗಳು. ಬೊಲೆರೊ, ಸ್ಕಾರ್ಪಿಯೊ ತರ ಕೆಳಗೆ ಬೇರೆ ಚಾಸಿ ಇರುವುದಿಲ್ಲ. ಆದರೂ ಸಣ್ಣ ಕಾರಿಗೆ ಹೋಲಿಸಿದರೆ ತೂಕ ಜಾಸ್ತಿ, ಟೈರ್ ಅಗಲ, ಗಾಳಿಗೆ ಒಡ್ಡುವ ಎದೆ ದೊಡ್ಡದು. ಈ ಮೂರನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತವೆ.

ಹಂತ 1: ಶೋರೂಮ್ ನಂಬರ್ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

ಹ್ಯುಂಡೈ ಕ್ರೆಟಾ 1.5 ಪೆಟ್ರೋಲ್ ಮ್ಯಾನ್ಯುವಲ್‌ಗೆ ಲೀಟರಿಗೆ 17.4 ಕಿ.ಮೀ., ಅದರ ಡೀಸೆಲ್ ಮ್ಯಾನ್ಯುವಲ್‌ಗೆ 21.8, ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ಗೆ 27.97 ಅಂತ ಕಂಪನಿಗಳು ಹೇಳುತ್ತವೆ. ಇವು ಸುಳ್ಳಲ್ಲ, ಪ್ರಯೋಗಾಲಯದ ನಂಬರ್‌ಗಳು. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ನಿಗದಿಯಾದ ವೇಗದ ಪಟ್ಟಿಯ ಪ್ರಕಾರ ಸುಮಾರು 20 ನಿಮಿಷ ಓಡಿಸಿ, ಹೊಗೆಯನ್ನು ಅಳೆದು ಇಂಧನದ ಲೆಕ್ಕ ತೆಗೆಯುತ್ತಾರೆ. ಪುಣೆಯ ಎಆರ್‌ಎಐ ಇಂಥ ಪರೀಕ್ಷೆ ಮಾಡುವ ಸಂಸ್ಥೆ. ಆ ಪಟ್ಟಿಯಲ್ಲಿ ಅತಿ ಹೆಚ್ಚಿನ ವೇಗ ಗಂಟೆಗೆ 90 ಕಿ.ಮೀ. ಒಟ್ಟು ದೂರ 11 ಕಿ.ಮೀ. ಒಳಗೆ. ಎಸಿ ಬಂದ್. ಕೋಣೆ ತಂಪಾಗಿರುತ್ತದೆ. ಎದುರು ಗಾಳಿ ಇಲ್ಲ, ಹಂಪ್ ಇಲ್ಲ, ಮುಂದೆ ಭತ್ತದ ಟ್ರ್ಯಾಕ್ಟರ್ ಇಲ್ಲ.

ಒಂದು ಮಾಡೆಲ್‌ಗೂ ಇನ್ನೊಂದಕ್ಕೂ ಹೋಲಿಸಲು ಈ ನಂಬರ್ ಉಪಯೋಗಕ್ಕೆ ಬರುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಮ್ಮ ಗಾಡಿ ಎಷ್ಟು ಕೊಡುತ್ತದೆ ಅಂತ ಹೇಳಲು ಬರುವುದಿಲ್ಲ. ಸುಮ್ನೆ ಅದರ ಹಿಂದೆ ಬಿದ್ದು ತಲೆ ಕೆಡಿಸಿಕೊಳ್ಳಬೇಡಿ.

ಹಂತ 2: ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆಯಿರಿ

ಸರಿಯಾದ ಅಳತೆಗೆ ಇದೊಂದೇ ದಾರಿ. ಸುಲಭ, ಆದರೆ ಶಿಸ್ತು ಬೇಕು.

ಬಂಕ್‌ಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿ. ನಾಜಲ್ ತಾನಾಗಿ ಟಕ್ ಅಂತ ನಿಲ್ಲುತ್ತದಲ್ಲ, ಅಲ್ಲಿಗೆ ಬಿಡಿ. ನಮ್ಮ ಕಡೆ ಬಂಕ್ ಹುಡುಗರಿಗೆ ರೌಂಡ್ ಫಿಗರ್ ಮಾಡುವ ಅಭ್ಯಾಸ. "ಇನ್ನು ನಲವತ್ತು ರೂಪಾಯಿದು ಹಾಕಿದ್ರ ಮೂರು ಸಾವಿರ ಆಗ್ತೈತಿ ಸಾರ್" ಅಂತ ಒತ್ತಿ ಒತ್ತಿ ಹಾಕುತ್ತಾರೆ. ಮೊದಲೇ ಹೇಳಿಬಿಡಿ: "ಆಟೋ ಕಟ್ ಆದ್ರ ಸಾಕಪ್ಪಾ." ಹಾಗೆ ಒತ್ತಿ ಹಾಕಿಸಿದರೆ ಲೆಕ್ಕ ಕೆಡುವುದಷ್ಟೇ ಅಲ್ಲ, ಪೆಟ್ರೋಲ್ ಗಾಡಿಯಲ್ಲಿ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಒಂದಿರುತ್ತದೆ, ಅದಕ್ಕೆ ಪೆಟ್ರೋಲ್ ನುಗ್ಗಿ ಹಾಳಾಗಬಹುದು.

ಫುಲ್ ಆದ ಕೂಡಲೇ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮನೆಯಲ್ಲಿ ಬೇರೆಯವರೂ ಗಾಡಿ ಓಡಿಸುತ್ತಾರೆ ಅಂದರೆ ಓಡೋಮೀಟರ್ ನಂಬರನ್ನೂ ಬರೆದಿಡಿ. ಟ್ರಿಪ್ ಮೀಟರನ್ನು ಯಾರಾದರೂ ಒತ್ತಿರುತ್ತಾರೆ, ಓಡೋಮೀಟರನ್ನು ಯಾರೂ ಅಳಿಸಲಾರರು.

ಆಮೇಲೆ ಎಂದಿನಂತೆ ಓಡಾಡಿ. ಟ್ಯಾಂಕ್ ಕಾಲು ಭಾಗಕ್ಕೆ ಬಂದಾಗ ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ಗಾಡಿ ಅದೇ ಕಡೆ ಮುಖ ಮಾಡಿ ನಿಂತಿರಲಿ. ಮತ್ತೆ ಆಟೋ ಕಟ್‌ವರೆಗೆ ಹಾಕಿಸಿ. ಓಡಿದ ಕಿ.ಮೀ.ಯನ್ನು ಈಗ ಹಾಕಿಸಿದ ಲೀಟರಿನಿಂದ ಭಾಗಿಸಿ. 546 ಕಿ.ಮೀ. ಓಡಿ 38.4 ಲೀಟರ್ ಹಿಡಿಸಿದರೆ ಲೀಟರಿಗೆ 14.2.

ನೂರು ಕಿ.ಮೀ. ಓಡಿಸಿ ಲೆಕ್ಕ ಹಾಕುವವರೇ ಜಾಸ್ತಿ. ಅಲ್ಲೇ ಎಡವಟ್ಟಾಗುವುದು. ಆಟೋ ಕಟ್ ಪ್ರತಿಸಲ ಒಂದೇ ಮಟ್ಟದಲ್ಲಿ ಆಗುವುದಿಲ್ಲ, ಅರ್ಧ ಲೀಟರ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಹತ್ತು ಲೀಟರಿನ ಲೆಕ್ಕದಲ್ಲಿ ಅರ್ಧ ಲೀಟರ್ ಅಂದರೆ 5 ಪರ್ಸೆಂಟ್ ತಪ್ಪು. 38 ಲೀಟರಿನಲ್ಲಿ ಅದು ಒಂದೂಕಾಲು ಪರ್ಸೆಂಟ್ ಚಿಲ್ಲರೆ. ಅದಕ್ಕೇ ದೊಡ್ಡ ದೂರ ಬೇಕು.

ನಾಲ್ಕೈದು ಸಲ ಹೀಗೆ ಹಾಕಿಸಿದ ಮೇಲೆ ಸರಾಸರಿ ತೆಗೆಯುವಾಗಲೂ ಒಂದು ಎಚ್ಚರ. ಮೈಲೇಜ್‌ಗಳನ್ನು ಕೂಡಿಸಿ ಭಾಗಿಸಬೇಡಿ. ಊರಲ್ಲಿ 300 ಕಿ.ಮೀ.ಗೆ 30 ಲೀಟರ್, ಅಂದರೆ 10. ಹೆದ್ದಾರಿಯಲ್ಲಿ 300 ಕಿ.ಮೀ.ಗೆ 20 ಲೀಟರ್, ಅಂದರೆ 15. ಎರಡರ ನಡುವಿನ ನಂಬರ್ ಹನ್ನೆರಡೂವರೆ ಅನ್ನಿಸುತ್ತದೆ. ಆದರೆ 600 ಕಿ.ಮೀ.ಗೆ 50 ಲೀಟರ್ ಖರ್ಚಾಗಿದೆ, ಸರಿಯಾದ ಲೆಕ್ಕ 12. ಒಟ್ಟು ಕಿ.ಮೀ., ಒಟ್ಟು ಲೀಟರ್, ಅಷ್ಟೇ.

ಹಂತ 3: ಡ್ಯಾಶ್‌ಬೋರ್ಡ್ ಎಷ್ಟು ಸತ್ಯ ಹೇಳುತ್ತದೆ ಅಂತ ನೋಡಿ

ಮೀಟರಿನ ಪರದೆ ತೋರಿಸುವ ಮೈಲೇಜ್ ಬಹಳಷ್ಟು ಗಾಡಿಗಳಲ್ಲಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಟ್ಯಾಂಕ್ ಲೆಕ್ಕದಲ್ಲಿ 14.2 ಬಂದಾಗ ಪರದೆ 15.1 ತೋರಿಸಿದ್ದರೆ ನಿಮ್ಮದು ಸುಮಾರು 6 ಪರ್ಸೆಂಟ್ ಹೆಚ್ಚು ಹೇಳುವ ಪರದೆ. ಮೂರ್ನಾಲ್ಕು ಸಲ ಹೋಲಿಸಿ ಈ ವ್ಯತ್ಯಾಸ ಗೊತ್ತುಮಾಡಿಕೊಂಡರೆ ಆಮೇಲೆ ಪರದೆಯನ್ನೇ ನೋಡಿ, ಅಷ್ಟು ಕಳೆದು ಓದಬಹುದು.

ಓಡೋಮೀಟರನ್ನೂ ಒಮ್ಮೆ ಪರೀಕ್ಷಿಸಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಲೆಕ್ಕದಲ್ಲಿ ಇಪ್ಪತ್ತು ಕಿ.ಮೀ. ಓಡಿಸಿ, ಅಥವಾ ಮೊಬೈಲ್ ಜಿಪಿಎಸ್ ಜೊತೆ ಹೋಲಿಸಿ. ಕಂಪನಿಯ ಟೈರ್ ತೆಗೆಸಿ ದೊಡ್ಡ ಟೈರ್ ಹಾಕಿಸಿದ್ದರೆ ಇದು ಮುಖ್ಯ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಆಗ ಮೈಲೇಜ್ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ.

ಹಂತ 4: ನಿಮ್ಮ ರಸ್ತೆಗಳನ್ನು ಬೇರೆ ಮಾಡಿ

ನಮ್ಮ ಮೂರು ಜಿಲ್ಲೆಗಳಲ್ಲಿ ಓಡಾಟ ಸಾಮಾನ್ಯವಾಗಿ ಮೂರು ತರ. ಒಂದು, ಊರೊಳಗೆ: ಬಳ್ಳಾರಿಯ ಮೋತಿ ಸರ್ಕಲ್, ರಾಯಚೂರಿನ ಗಂಜ್, ಕೊಪ್ಪಳದ ಅಶೋಕ ಸರ್ಕಲ್ ಕಡೆ. ಎರಡು, ಎರಡು ಲೇನಿನ ರಸ್ತೆ: ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಇದಕ್ಕೆ ಒಳ್ಳೆಯ ಉದಾಹರಣೆ. ಮೂರು, ನಾಲ್ಕು ಲೇನ್: ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ 50, ಕೊಪ್ಪಳದಿಂದ ಹುಬ್ಬಳ್ಳಿಗೆ ಹೆದ್ದಾರಿ 67.

ಒಂದು ಸಣ್ಣ ಪುಸ್ತಕ ಗಾಡಿಯಲ್ಲಿ ಇಡಿ. ತಾರೀಖು, ಓಡೋಮೀಟರ್, ಲೀಟರ್, ಎಷ್ಟು ಕೊಟ್ಟಿರಿ, ಯಾವ ತರದ ಓಡಾಟ, ಎಷ್ಟು ಜನ, ಎಸಿ ಇತ್ತೋ ಇಲ್ಲವೋ. ಸಾಕು. ಮೊಬೈಲಲ್ಲೂ ಬರೆಯಬಹುದು. ಆದರೆ ಡೋರ್ ಪಾಕೆಟ್‌ನಲ್ಲಿರುವ ಪುಸ್ತಕದಲ್ಲಿ ಅಣ್ಣ, ಅಕ್ಕ, ಅಪ್ಪಾಜಿ ಯಾರು ಎಣ್ಣೆ ಹಾಕಿಸಿದರೂ ಬರೆಯುತ್ತಾರೆ.

ಮೂರೂ ಕಡೆ ಅಳತೆ ಬಂದಾಗ ವ್ಯತ್ಯಾಸ ನೋಡಿ ಗಾಬರಿ ಆಗಬೇಡಿ. ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ನಿನ ಕ್ರಾಸ್‌ಓವರ್ ಊರೊಳಗೆ ಬೇಸಿಗೆಯಲ್ಲಿ 10 ಕಂಡು, ಸಮಾಧಾನದ ಹೆದ್ದಾರಿ ಓಟದಲ್ಲಿ 17 ಕೊಟ್ಟರೆ ಗಾಡಿ ಸರಿಯಾಗಿಯೇ ಇದೆ.

ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಈ ಭಾಗದವರು ಇದನ್ನು ಬಿಡಬಾರದು. ಕೊಪ್ಪಳ, ಯಲಬುರ್ಗಾ, ಕುಕನೂರು ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮುಂಗಾರಿನಲ್ಲಿ ಪಶ್ಚಿಮದ ಕಡೆಯಿಂದ ಜೋರು ಗಾಳಿ ಬೀಸುತ್ತದೆ. ಹುಬ್ಬಳ್ಳಿ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ರಸ್ತೆಯೂ ಪಶ್ಚಿಮದಿಂದ ಪೂರ್ವಕ್ಕೇ ಚಾಚಿದೆ. ಜುಲೈನಲ್ಲಿ ಹುಬ್ಬಳ್ಳಿಗೆ ಹೊರಟರೆ ಗಾಳಿ ಎದೆಗೆ, ವಾಪಸ್ ಬರುವಾಗ ಬೆನ್ನಿಗೆ.

ಗಾಳಿಯ ತಡೆ ವೇಗದ ವರ್ಗದಂತೆ, ಅಂದರೆ ವೇಗವನ್ನು ಅದೇ ವೇಗದಿಂದ ಗುಣಿಸಿದ ಲೆಕ್ಕದಲ್ಲಿ, ಏರುತ್ತದೆ. ಎಂಬತ್ತರಲ್ಲಿ ಹೋಗುವಾಗ ಇಪ್ಪತ್ತರ ಎದುರು ಗಾಳಿ ಇದ್ದರೆ ಗಾಡಿಗೆ ಅದು ನೂರರ ಗಾಳಿ. ತಡೆ 56 ಪರ್ಸೆಂಟ್ ಜಾಸ್ತಿ. ವಾಪಸ್ ಬರುವಾಗ ಅರವತ್ತರ ಗಾಳಿ, ತಡೆ 44 ಪರ್ಸೆಂಟ್ ಕಡಿಮೆ. ಎರಡೂ ಸೇರಿದರೂ ಪೂರ್ತಿ ಸರಿಹೋಗುವುದಿಲ್ಲ, ಗಾಳಿ ಇಲ್ಲದ ದಿನಕ್ಕಿಂತ ತಡೆ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ಹೋಗುವಾಗಿನ ನಂಬರ್ ನೋಡಿ "ಗಾಡಿ ಕೆಟ್ಟಿದೆ" ಅಂತ ಹುಬ್ಬಳ್ಳಿಯಲ್ಲೇ ಗ್ಯಾರೇಜ್ ಹುಡುಕುವುದು ಬೇಡ. ಹೋಗಿ ಬಂದ ಎರಡೂ ಸೇರಿಸಿ ಲೆಕ್ಕ ಹಾಕಿ.

ಏರುಪೇರಿಗೂ ಇದೇ ಮಾತು. ಬಳ್ಳಾರಿ ಸಮುದ್ರ ಮಟ್ಟದಿಂದ ಐನೂರು ಮೀಟರ್ ಒಳಗೇ ಇದೆ, ಬೆಂಗಳೂರು ಒಂಬೈನೂರರ ಆಸುಪಾಸು. ಕಣ್ಣಿಗೆ ರಸ್ತೆ ಸಮವಾಗಿ ಕಂಡರೂ ಬೆಂಗಳೂರಿಗೆ ಹೋಗುವಾಗ ಸುಮಾರು ಒಂದೂವರೆ ಟನ್ ಭಾರವನ್ನು ನಾನೂರು ಮೀಟರ್‌ಗಿಂತ ಮೇಲಕ್ಕೆ ಎತ್ತಿರುತ್ತೀರಿ. ಅದಕ್ಕೇ ಅರ್ಧದಿಂದ ಮುಕ್ಕಾಲು ಲೀಟರ್ ಬೇಕು. ರಾಯಚೂರಿನ ದೋಆಬ್, ಅಂದರೆ ಎರಡು ನದಿಗಳ ನಡುವಿನ ಸೀಮೆ, ಸಮತಟ್ಟು ನೆಲ. ಮೈಲೇಜ್ ಮಟ್ಟಿಗೆ ಅಲ್ಲಿನವರು ಪುಣ್ಯವಂತರು.

ಹಂತ 5: ಎಲ್ಲಿ ಉಳಿಸಬಹುದೋ ಅಲ್ಲಿ ಉಳಿಸಿ

ಮೊದಲನೆಯದು ವೇಗ. ಬೇರೆ ಎಲ್ಲ ಉಪಾಯಗಳನ್ನು ಸೇರಿಸಿದರೂ ಹೆದ್ದಾರಿಯಲ್ಲಿ ಇದರಷ್ಟು ಫಲ ಸಿಗುವುದಿಲ್ಲ. ಎತ್ತರದ ಗಾಡಿಗೆ ಗಾಳಿಯೇ ದೊಡ್ಡ ಶತ್ರು. ಎಂಬತ್ತರಿಂದ ನೂರಕ್ಕೆ ಏರಿಸಿದರೆ ಲೀಟರಿಗೆ ಎರಡು ಮೂರು ಕಿ.ಮೀ. ಹೋಯಿತು ಅಂತಲೇ ತಿಳಿಯಿರಿ. ನೂರಿಪ್ಪತ್ತಾದರೆ ಗಾಳಿಯ ತಡೆ ಎಂಬತ್ತಿನಲ್ಲಿ ಇದ್ದುದಕ್ಕಿಂತ ಎರಡೂಕಾಲು ಪಟ್ಟು. ಅಷ್ಟಕ್ಕೂ ನಾಲ್ಕು ಲೇನಿನ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರದ ಮಿತಿಯೇ ನೂರು. 60 ಕಿ.ಮೀ. ದೂರವನ್ನು ನೂರರ ಬದಲು ಎಂಬತ್ತರಲ್ಲಿ ಹೋದರೆ ಒಂಬತ್ತು ನಿಮಿಷ ತಡ. ಒಂಬತ್ತು ನಿಮಿಷಕ್ಕೆ ಹೊಸಪೇಟೆಯಲ್ಲಿ ಮಂಡಕ್ಕಿ ಮಿರ್ಚಿ ಖಾಲಿ ಆಗಲ್ಲ.

ಎರಡು ಲೇನಿನ ರಸ್ತೆಯಲ್ಲಿ ಕಥೆ ಬೇರೆ. ಅಲ್ಲಿ ಎಣ್ಣೆ ಹೋಗುವುದು ಬ್ರೇಕಿನಲ್ಲಿ. ಸಿರುಗುಪ್ಪ, ಸಿಂಧನೂರು ದಾರಿಯಲ್ಲಿ ಪ್ರತಿ ಊರಿಗೂ ಹಂಪ್. ಕೊಯ್ಲಿನ ಕಾಲದಲ್ಲಿ ಭತ್ತ ಕೊಯ್ಯುವ ಮಷಿನ್, ಹುಲ್ಲಿನ ಟ್ರ್ಯಾಕ್ಟರ್. ಜನ ತುಂಬಿದ ಕ್ರಾಸ್‌ಓವರನ್ನು ಎಂಬತ್ತರಿಂದ ಬ್ರೇಕ್ ಹಾಕಿ ಪೂರ್ತಿ ನಿಲ್ಲಿಸಿ ಮತ್ತೆ ಎಂಬತ್ತಕ್ಕೆ ಒಯ್ಯಲು ಹೆಚ್ಚುಕಡಿಮೆ 40 ಮಿ.ಲೀ. ಇಂಧನ ಬೇಕು. ಇಪ್ಪತ್ತೈದು ಸಲ ಹಾಗೆ ಮಾಡಿದರೆ ಒಂದು ಲೀಟರ್ ಮಂಗಮಾಯ. ಊರಿನ ಬೋರ್ಡ್ ಕಂಡ ಕೂಡಲೇ ಗೇರಿನಲ್ಲೇ ಇದ್ದು ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಈಗಿನ ಎಂಜಿನ್‌ಗಳು ಆಗ ಇಂಧನವನ್ನೇ ನಿಲ್ಲಿಸುತ್ತವೆ. ಗಾಡಿ ತಾನಾಗಿ ನಿಧಾನ ಆಗುತ್ತಾ ಹಂಪ್ ತಲುಪುತ್ತದೆ.

ನ್ಯೂಟ್ರಲ್ ಹಾಕಿ ಉರುಳಿಸುವ ಹಳೇ ಚಟ ಬಿಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಉಸಿರು ಹಿಡಿದುಕೊಳ್ಳಲು ಇಂಧನ ಸುಡುತ್ತಲೇ ಇರುತ್ತದೆ. ಗೇರಿನಲ್ಲಿ ಕಾಲು ಬಿಟ್ಟರೆ ಸುಡುವುದಿಲ್ಲ. ಸಂಡೂರಿನ ಇಳಿಜಾರುಗಳಲ್ಲಿ ನ್ಯೂಟ್ರಲ್ ಅಂದರೆ ಎಂಜಿನ್ ಬ್ರೇಕಿಂಗ್ ಕೂಡ ಇರುವುದಿಲ್ಲ, ಅದಿರು ಲಾರಿಗಳ ನಡುವೆ ಅದು ಅಪಾಯ.

ಊರೊಳಗೆ ನಿಂತಲ್ಲೇ ಉರಿಯುವುದು ದೊಡ್ಡ ಖರ್ಚು. ಒಂದೂವರೆ ಲೀಟರ್ ಎಂಜಿನ್ ಎಸಿ ಹಾಕಿ ನಿಂತಿದ್ದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತದೆ. ದಿನಾ ಹತ್ತು ನಿಮಿಷ ರೈಲ್ವೆ ಗೇಟು, ಶಾಲೆ ಮುಂದೆ, ಬ್ಯಾಂಕ್ ಮುಂದೆ ಹೀಗೆ ನಿಂತರೆ ತಿಂಗಳಿಗೆ ಐದು ಲೀಟರ್. ಗೇಟ್ ಬಿದ್ದರೆ ಬಂದ್ ಮಾಡಿ. ಬೇಸಿಗೆಯಲ್ಲಿ ಮಕ್ಕಳು, ವಯಸ್ಸಾದವರು ಒಳಗಿದ್ದರೆ ಬಂದ್ ಮಾಡುವುದು ಬೇಡ. ಐದು ಲೀಟರಿಗಿಂತ ಅವರು ಮುಖ್ಯ ಅಲ್ವಾ.

ಎಸಿ ಇಲ್ಲದೆ ಏಪ್ರಿಲ್, ಮೇ ಕಳೆಯಿರಿ ಅಂತ ಬಳ್ಳಾರಿ, ರಾಯಚೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ. ನಲವತ್ತು ದಾಟಿದ ಬಿಸಿಲಲ್ಲಿ ಅದು ಸೌಕರ್ಯ ಅಲ್ಲ, ಅಗತ್ಯ. ಆದರೆ ಎಸಿ ಎಷ್ಟು ದುಡಿಯಬೇಕು ಅನ್ನುವುದು ನಿಮ್ಮ ಕೈಲಿದೆ. ಬೇವಿನ ಮರದ ನೆರಳಿಗೆ ನಿಲ್ಲಿಸಿ. ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ಹಾಳೆ ಇಡಿ. ಬಿಸಿಲಲ್ಲಿ ನಿಂತ ಗಾಡಿ ಹತ್ತಿದಾಗ ಮೊದಲು ನಾಲ್ಕೂ ಕಿಟಕಿ ಇಳಿಸಿ ಅರ್ಧ ಕಿ.ಮೀ. ಹೋಗಿ, ಒಳಗಿನ ಬೆಂಕಿ ಗಾಳಿ ಹೊರಗೆ ಹೋಗಲಿ. ಆಮೇಲೆ ಕಿಟಕಿ ಏರಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ ಎಸಿ ಹಾಕಿ. ಹೆದ್ದಾರಿಯಲ್ಲಿ ಕಿಟಕಿ ತೆಗೆದು ಎಸಿ ಉಳಿಸುವುದು ಲಾಭ ಅಲ್ಲ, ತೆರೆದ ಕಿಟಕಿಯೇ ಗಾಳಿಗೆ ತಡೆ. ಊರೊಳಗೆ ನಿಧಾನ ಹೋಗುವಾಗ, ಡಿಸೆಂಬರ್, ಜನವರಿ ಬೆಳಿಗ್ಗೆ, ಕಿಟಕಿ ಸಾಕು.

ಟೈರಿನ ಗಾಳಿ: ಒಂದು ತಪ್ಪು ನಂಬಿಕೆ

"ಬ್ಯಾಸಿಗಿಯಾಗ ಗಾಳಿ ಕಮ್ಮಿ ಇಡಬೇಕಣ್ಣಾ, ಇಲ್ಲಾಂದ್ರ ಟೈರ್ ಒಡೀತೈತಿ." ಪಂಕ್ಚರ್ ಅಂಗಡಿಯಲ್ಲಿ ಈ ಮಾತು ಕೇಳದವರು ಇಲ್ಲ. ಇದು ಮೈಲೇಜ್‌ಗೂ ಕೆಟ್ಟದ್ದು, ಜೀವಕ್ಕೂ ಕೆಟ್ಟದ್ದು. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಬಾಗಿದಷ್ಟೂ ಬಿಸಿ. ಕಾದ ರಸ್ತೆ, ತುಂಬಿದ ಗಾಡಿ, ನೂರರ ವೇಗ ಸೇರಿದಾಗ ಟೈರ್ ಒಡೆಯುವುದು ಹೀಗೇ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಇಬ್ಬರು ಇದ್ದಾಗ ಎಷ್ಟು, ಫುಲ್ ಲೋಡ್‌ಗೆ ಎಷ್ಟು ಅಂತ ಅಲ್ಲೇ ಬರೆದಿದೆ. ಅದೇ ಪ್ರಮಾಣ. ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಎರಡು ಮೂರು ಕಿ.ಮೀ.ಗಿಂತ ಹೆಚ್ಚು ಓಡುವ ಮೊದಲು ನೋಡಿಸಿ. ಓಡಿದ ಮೇಲೆ ನಾಲ್ಕೈದು ಪಿಎಸ್ಐ ಏರುವುದು ಸಹಜ. ಕಂಪನಿ ಅದನ್ನು ಲೆಕ್ಕ ಹಾಕಿಯೇ ಸ್ಟಿಕರ್ ಅಂಟಿಸಿರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು. ಸ್ವಂತ ಗೇಜ್ ಒಂದನ್ನು ತೆಗೆದುಕೊಳ್ಳಿ, ದುಬಾರಿ ಏನಲ್ಲ. ನೈಟ್ರೋಜನ್ ಹಾಕಿಸಿದರೆ ಮೈಲೇಜ್ ಏರುತ್ತದೆ ಅನ್ನುವುದಕ್ಕೆ ದುಡ್ಡು ಕೊಡಬೇಡಿ. ಸಾದಾ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ.

ಧೂಳು, ಭಾರ, ಕ್ಯಾರಿಯರ್

ತೋರಣಗಲ್ಲು, ಸಂಡೂರು ಕಡೆಯ ಕೆಂಪು ಧೂಳಿನಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಸರ್ವಿಸ್ ಪುಸ್ತಕದ ಅವಧಿಗಿಂತ ಮೊದಲೇ ನೋಡಿಸಬೇಕು. ಆದರೆ ಫಿಲ್ಟರ್ ಬದಲಿಸಿದ ಕೂಡಲೇ ಮೈಲೇಜ್ ಏರುತ್ತದೆ ಅಂತ ಕಾಯಬೇಡಿ. ಈಗಿನ ಪೆಟ್ರೋಲ್ ಎಂಜಿನ್ ಒಳಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹಾಕುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಮೊದಲು ಇಳಿಯುವುದು ಎಳೆತ. ಫಿಲ್ಟರ್ ಬದಲಿಸುವುದು ಎಂಜಿನ್ ಉಳಿಸಲು. ಎಸಿಯ ಕ್ಯಾಬಿನ್ ಫಿಲ್ಟರನ್ನೂ ಜೊತೆಗೇ ನೋಡಿಸಿ, ಅದು ಕಟ್ಟಿದರೆ ಬ್ಲೋವರ್ ಎಷ್ಟು ಏರಿಸಿದರೂ ತಂಪು ಬರುವುದಿಲ್ಲ.

ನೂರು ಕೆಜಿ ಹೆಚ್ಚು ಭಾರಕ್ಕೆ ಮೈಲೇಜ್ ಒಂದೆರಡು ಪರ್ಸೆಂಟ್ ಇಳಿಯುತ್ತದೆ. ಗಂಗಾವತಿಯಿಂದ ನಾಲ್ಕು ಚೀಲ ಅಕ್ಕಿ ಡಿಕ್ಕಿಯಲ್ಲಿ ತಂದರೆ ನಷ್ಟ ಇಷ್ಟೇ. ಅದೇ ಚೀಲಗಳನ್ನು ತಿಂಗಳುಗಟ್ಟಲೆ ಡಿಕ್ಕಿಯಲ್ಲೇ ಮರೆಯಬೇಡಿ. ಮೇಲಿನ ಕ್ಯಾರಿಯರ್ ಮಾತ್ರ ಬೇರೆ. ಅಲ್ಲಿ ತೂಕಕ್ಕಿಂತ ಗಾಳಿಯದೇ ಹೊಡೆತ. ಸಾಮಾನು ಕಟ್ಟಿ ಹೆದ್ದಾರಿಯಲ್ಲಿ ಹೋದರೆ ಹತ್ತು ಪರ್ಸೆಂಟಿಗೂ ಮೇಲೆ ಹೋಗಬಹುದು. ಹುಲಿಗಿ ಜಾತ್ರೆ ಮುಗಿದ ಮೇಲೆ ಬಿಚ್ಚಿಡಿ.

ಹಂತ 6: ನಿಮ್ಮ ಎಂಜಿನ್ ಯಾವುದು ಅಂತ ನೋಡಿ ಲೆಕ್ಕ ಹಾಕಿ

ಪೆಟ್ರೋಲ್ ಗಾಡಿಯವರು ಇ20 ಬಗ್ಗೆ ತಿಳಿದಿರಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಎಥನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ರಸಾಯನಶಾಸ್ತ್ರದ ಲೆಕ್ಕ, ಬಂಕಿನ ಮೋಸ ಅಲ್ಲ. 2021ರ ನೀತಿ ಆಯೋಗದ ವರದಿಯ ಅಂದಾಜಿನಂತೆ, ಶುದ್ಧ ಪೆಟ್ರೋಲಿಗೆ ವಿನ್ಯಾಸವಾಗಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ 6ರಿಂದ 7 ಪರ್ಸೆಂಟ್, ಇ10ಕ್ಕೆ ವಿನ್ಯಾಸವಾಗಿ ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2 ಪರ್ಸೆಂಟ್ ಇಳಿಕೆ. ನಿಮ್ಮ ಹಳೆಯ ಪುಸ್ತಕದ ನಂಬರುಗಳನ್ನು ಈಗಿನದಕ್ಕೆ ಹೋಲಿಸುವಾಗ ಇದನ್ನು ಕಳೆಯಿರಿ.

ಟರ್ಬೊ ಪೆಟ್ರೋಲ್ ಗಾಡಿ ಕಾಲಿನ ಮಾತು ಕೇಳುತ್ತದೆ. ಮೆಲ್ಲಗೆ ಒತ್ತಿದರೆ ಚೆನ್ನಾಗಿ ಕೊಡುತ್ತದೆ, ಓವರ್‌ಟೇಕ್ ಮೇಲೆ ಓವರ್‌ಟೇಕ್ ಮಾಡಿದರೆ ಒಂದೇ ಪ್ರಯಾಣದಲ್ಲಿ ನಂಬರ್ ಪಾತಾಳಕ್ಕೆ.

ಡೀಸೆಲ್ ಹೆದ್ದಾರಿಯ ಗಾಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದು ಆಗಾಗ ಹೆಚ್ಚು ಡೀಸೆಲ್ ಸುಟ್ಟು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ದಿನಾ ಮನೆಯಿಂದ ಮಾರ್ಕೆಟ್‌ಗೆ ಎರಡು ಕಿ.ಮೀ. ಮಾತ್ರ ಓಡಿಸಿದರೆ ಈ ಕೆಲಸ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ, ಮೈಲೇಜ್ ಇಳಿಯುತ್ತದೆ, ಕೊನೆಗೆ ದೀಪ ಹತ್ತುತ್ತದೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿ. ಊರು ಬಿಟ್ಟು ಹೋಗುವುದೇ ಇಲ್ಲ ಅನ್ನುವವರು ಡೀಸೆಲ್ ತೆಗೆದುಕೊಳ್ಳದಿರುವುದೇ ವಾಸಿ.

ಸ್ಟ್ರಾಂಗ್ ಹೈಬ್ರಿಡ್ ಇದಕ್ಕೆ ಉಲ್ಟಾ. ನಿಂತು ಹೊರಡುವ ಊರಿನ ಓಡಾಟದಲ್ಲಿ ಅದರ ಲಾಭ ಹೆಚ್ಚು, ಬ್ರೇಕಿನ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ನೂರರಲ್ಲಿ ಬೆಂಗಳೂರಿಗೆ ಹೊರಟರೆ ಲಾಭ ಕಡಿಮೆ.

ಹೈಬ್ರಿಡ್‌ಗೆ ಎಷ್ಟು ಹೆಚ್ಚು ಕೊಡಬಹುದು ಅಂತ ಯೋಚಿಸುವಾಗ ಮೈಲೇಜ್ ನೋಡಬೇಡಿ, ಸಾವಿರ ಕಿ.ಮೀ.ಗೆ ಎಷ್ಟು ಲೀಟರ್ ಅಂತ ನೋಡಿ. 12 ಕೊಡುವ ಗಾಡಿ 14 ಕೊಟ್ಟರೆ ಸಾವಿರ ಕಿ.ಮೀ.ಗೆ ಸುಮಾರು 12 ಲೀಟರ್ ಉಳಿಯುತ್ತದೆ. 18 ಕೊಡುವುದು 20 ಕೊಟ್ಟರೆ ಉಳಿಯುವುದು ಐದೂವರೆ ಲೀಟರ್ ಅಷ್ಟೇ. ಎರಡೂ ಕಡೆ ಏರಿದ್ದು ಎರಡೇ. ನಿಮ್ಮ ವರ್ಷದ ಓಡಾಟ ಹತ್ತು ಸಾವಿರ ಕಿ.ಮೀ. ಆದರೆ ಲೀಟರುಗಳನ್ನು ಹತ್ತರಿಂದ ಗುಣಿಸಿ, ಆಮೇಲೆ ದರದಿಂದ. ಷೋರೂಮಿನಲ್ಲಿ ಕೂತಾಗ ಈ ಲೆಕ್ಕ ಮಾಡಿದವರು ಕಡಿಮೆ.

ಹಂತ 7: ಬಂಕಿನ ಬಗ್ಗೆ

"ಜೀರೋ ನೋಡ್ಕೊಳ್ರಿ ಸಾರ್" ಅಂದಾಗ ನಿಜವಾಗಿಯೂ ನೋಡಿ. ಅನುಮಾನ ಬಂದರೆ ಐದು ಲೀಟರಿನ ಅಳತೆ ಕ್ಯಾನ್ ತರಿಸಿ ಅಳೆದು ತೋರಿಸಿ ಅಂತ ಕೇಳಬಹುದು. ಮಾಪನ ಇಲಾಖೆ ಮುದ್ರೆ ಹಾಕಿದ ಕ್ಯಾನ್ ಪ್ರತಿ ಬಂಕಿನಲ್ಲೂ ಇರಬೇಕು. ಕೇಳಲು ಸಂಕೋಚ ಬೇಡ. ಬೆಳಿಗ್ಗೆ ಐದಕ್ಕೆ ಎದ್ದು ಹೋಗಿ ಹಾಕಿಸಿದರೆ ಜಾಸ್ತಿ ಸಿಗುತ್ತದೆ ಅನ್ನುವುದು ಮಾತ್ರ ನಿದ್ದೆಗೇಡು. ಟ್ಯಾಂಕ್ ನೆಲದೊಳಗಿರುತ್ತದೆ, ಬೆಳಗಿಗೂ ಮಧ್ಯಾಹ್ನಕ್ಕೂ ಅದರ ಬಿಸಿ ಹೆಚ್ಚು ಬದಲಾಗುವುದಿಲ್ಲ. 95 ಅಥವಾ 100 ಆಕ್ಟೇನಿನ ದುಬಾರಿ ಪೆಟ್ರೋಲ್ ಕೂಡ ಅದನ್ನು ಕೇಳದ ಸಾದಾ ಎಂಜಿನ್ನಿಗೆ ದಂಡ.

ಮಂತ್ರಾಲಯ, ಆದೋನಿ ಕಡೆ ಹೋಗುವವರು ಗಡಿ ದಾಟುವ ಮೊದಲೇ ಕರ್ನಾಟಕದಲ್ಲಿ ಹಾಕಿಸಿಕೊಳ್ಳಿ. ಕೆಲವು ವರ್ಷಗಳಿಂದ ಆಂಧ್ರದಲ್ಲಿ ದರ ಇಲ್ಲಿಗಿಂತ ಜಾಸ್ತಿ ಇದೆ. ಮೈಲೇಜ್ ಏರುವುದಿಲ್ಲ, ಆದರೆ ದುಡ್ಡು ಉಳಿಯುತ್ತದೆ.

ಹಂತ 8: ಯಾವಾಗ ಗ್ಯಾರೇಜ್‌ಗೆ ಹೋಗಬೇಕು

ಒಂದು ಟ್ಯಾಂಕ್ ಕಡಿಮೆ ಬಂದರೆ ಏನೂ ಮಾಡಬೇಡಿ. ಅದೇ ರಸ್ತೆ, ಅದೇ ಋತು, ಆದರೂ ಸತತ ಮೂರು ಟ್ಯಾಂಕ್ ಹತ್ತು ಹದಿನೈದು ಪರ್ಸೆಂಟ್ ಇಳಿದರೆ ಹುಡುಕಿ. ಮೊದಲು ಟೈರಿನ ಗಾಳಿ. ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯೋ ನೋಡಿ. ಇಪ್ಪತ್ತು ಕಿ.ಮೀ. ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ, ನಿಲ್ಲಿಸಿ, ಪ್ರತಿ ಚಕ್ರದ ನಡುಭಾಗದ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಕಾದಿದ್ದರೆ ಅಲ್ಲಿ ಬ್ರೇಕ್ ಅಥವಾ ಬೇರಿಂಗ್ ದೋಷ. ಟೈರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್. ಎಂಜಿನ್ ಬಿಸಿಯಾಗುವ ಮುಳ್ಳು ಎಂದಿನ ಜಾಗಕ್ಕೆ ಏರುತ್ತಲೇ ಇಲ್ಲ ಅಂದರೆ ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ದೋಷ. ಚೆಕ್ ಎಂಜಿನ್ ದೀಪ ಇದ್ದರೆ ಸ್ಕ್ಯಾನರ್ ಹಾಕಿಸಿ ಆಕ್ಸಿಜನ್ ಸೆನ್ಸಾರ್ ನೋಡಿಸಿ.

ಗ್ಯಾರೇಜಿನಲ್ಲಿ "ಮೈಲೇಜ್ ಬರ್ತಿಲ್ಲ" ಅಂತ ಮಾತ್ರ ಹೇಳಿದರೆ ಇಂಜೆಕ್ಟರ್ ಕ್ಲೀನಿಂಗ್, ಅಡಿಟಿವ್ ಬಾಟಲಿ ಅಂತ ಬಿಲ್ ಬೆಳೆಯುತ್ತದೆ. ಪುಸ್ತಕ ತೆರೆದು ತೋರಿಸಿ: ಹೋದ ವರ್ಷ ಇದೇ ತಿಂಗಳು ಇದೇ ರಸ್ತೆಯಲ್ಲಿ ಇಷ್ಟಿತ್ತು, ಈಗ ಇಷ್ಟು. ಏನು ಬದಲಿಸಿದರೋ ಅದನ್ನೂ ಓಡೋಮೀಟರ್ ನಂಬರ್ ಜೊತೆ ಅದೇ ಸಾಲಿನಲ್ಲಿ ಬರೆಯಿರಿ. ಮರುದಿನ ನಿಮ್ಮ ಎಂದಿನ ಬಂಕ್‌ಗೆ ಹೋಗಿ ಆಟೋ ಕಟ್‌ವರೆಗೆ ಹಾಕಿಸಿ, ಹೊಸ ಲೆಕ್ಕ ಶುರುಮಾಡಿ.